ಸಮುರಾಯಿ ಸಂಸ್ಥಾನಗಳ ನವೀಕರಣ: ಆಟದಲ್ಲಿ ಮತ್ತು ಇತಿಹಾಸದಲ್ಲಿ

ಚದುರಂಗವು ಯುದ್ಧವನ್ನು ಮಣೆಯ ಮೇಲೆ ತಂದಿರಿಸಿದ ಪ್ರಾಚೀನ ಕ್ರೀಡೆ. ಅದರಲ್ಲಿ ರಾಜ, ಮಂತ್ರಿ, ಆನೆ, ಕುದುರೆ, ಕಾಲಾಳುಗಳ ಬಲಾಬಲಗಳು ಆಟಕ್ಕೆ ಮೊದಲೇ ನಿಶ್ಚಿತವಾಗಿರುತ್ತವೆ. ಎಷ್ಟು ಹೊತ್ತು ಆಡಿದರೂ ಕಾಲಾಳಿನ ಕೈಗೆ ಬಂದೂಕು ಬರುವುದಿಲ್ಲ. ಆನೆಯ ಮನೆಯಲ್ಲಿ ಉಗಿಬಂಡಿ ಬಂದು ನಿಲ್ಲುವುದಿಲ್ಲ. ಗಣಕಯಂತ್ರದ ಮೇಲೆ ಆಡುವ ಇಂದಿನ ಐತಿಹಾಸಿಕ ರಣತಂತ್ರ ಕ್ರೀಡೆಗಳು ಈ ಮಿತಿಯನ್ನು ದಾಟಿವೆ. ಅವುಗಳಲ್ಲಿ ಕಾಲವೂ ಒಂದು ಕಾಯಿಯಂತೆ ಚಲಿಸುತ್ತದೆ. ಆಟ ಸಾಗಿದಂತೆ ಸೈನ್ಯ, ಕೈಗಾರಿಕೆ, ವಿದ್ಯೆ, ಪ್ರಜೆಗಳ ಮನೋಭಾವ ಇವೆಲ್ಲವೂ ಬದಲಾಗುತ್ತವೆ.

ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ ಎಂಬ ಸಂಸ್ಥೆ ನಿರ್ಮಿಸಿ, ಜಪಾನಿನ ಸೆಗಾ ಸಂಸ್ಥೆಯು ೨೦೧೨ರಲ್ಲಿ ಪ್ರಕಟಿಸಿದ ‘ಷೋಗನ್ ೨: ಫಾಲ್ ಆಫ್ ದಿ ಸಮುರಾಯ್’ ಎಂಬ ಆಟವು ಈ ಬಗೆಯದು. ಅದರ ಕಾಲ ೧೮೬೪ರಿಂದ ಮೊದಲಾಗುತ್ತದೆ. ಆಡುವವನು ಸತ್ಸುಮಾ, ಚೋಷು, ತೋಸಾ, ಐಜು, ನಾಗಾವೋಕಾ ಮೊದಲಾದ ಸಮುರಾಯಿ ಮನೆತನಗಳಲ್ಲಿ ಒಂದನ್ನು ಆರಿಸಿಕೊಂಡು, ಚಕ್ರವರ್ತಿಯ ಪಕ್ಷವನ್ನೋ ಷೋಗನ್ನನ ಪಕ್ಷವನ್ನೋ ಹಿಡಿದು ಹೋರಾಡಬೇಕು. ಬಿಲ್ಲು, ಭರ್ಜಿ, ಖಡ್ಗಗಳ ಸೈನ್ಯವನ್ನು ಹಾಗೆಯೇ ಉಳಿಸಿಕೊಂಡವನು ಬಹುಕಾಲ ಬಾಳಲಾರ. ಹೊಸ ಕಾರ್ಖಾನೆ, ಹೊಸ ಬಂದರು, ಹೊಸ ಶಿಕ್ಷಣ, ವಿದೇಶೀ ವ್ಯಾಪಾರ ಇವುಗಳಿಂದ ಸಂಸ್ಥಾನದ ನವೀಕರಣದ ಮಟ್ಟ ಏರುತ್ತದೆ. ಆಗ ಮಾತ್ರ ಉತ್ತಮ ಬಂದೂಕು, ತೋಪು, ಉಕ್ಕಿನ ಕವಚದ ಹಡಗುಗಳು ದೊರೆಯುತ್ತವೆ. ಆದರೆ ಈ ಮಟ್ಟ ಏರಿದಂತೆಲ್ಲ ಪ್ರಜೆಗಳ ಅಸಮಾಧಾನವೂ ಏರುತ್ತದೆ. ಅತಿ ವೇಗದಿಂದ ಮುಂದೆ ಓಡಿದವನ ಬೆನ್ನ ಹಿಂದೆಯೇ ದಂಗೆ ಏಳುತ್ತದೆ. ಓಡದೆ ನಿಂತವನನ್ನು ನೆರೆಯವನು ನುಂಗುತ್ತಾನೆ.

ಈ ಉಭಯಸಂಕಟವು ಆಟವನ್ನು ರಚಿಸಿದವರ ಕಲ್ಪನೆಯಲ್ಲ. ೧೯ನೆಯ ಶತಮಾನದ ಮಧ್ಯದಲ್ಲಿ ಜಪಾನಿನ ಸಂಸ್ಥಾನಗಳು ನಿಜವಾಗಿ ಎದುರಿಸಿದ ಪ್ರಶ್ನೆಯೇ ಅದು. ಹೊಸತನ್ನು ಎಷ್ಟು ಬೇಗ ತರಬೇಕು? ಯಾರಿಂದ ಕಲಿಯಬೇಕು? ಅದರ ಬೆಲೆಯನ್ನು ಯಾರು ತೆರಬೇಕು? ಈ ಮೂರು ಪ್ರಶ್ನೆಗಳಿಗೆ ಒಂದೊಂದು ಸಂಸ್ಥಾನವು ಒಂದೊಂದು ರೀತಿಯ ಉತ್ತರವನ್ನು ಕೊಟ್ಟಿತು. ಆ ಉತ್ತರಗಳನ್ನು ಅರಿತರೆ ಆಟದ ಒಳಮರ್ಮವೂ ತಿಳಿಯುತ್ತದೆ. ಆಟದಲ್ಲಿ ಕಾಣದೆ ಹೋದ ಮನುಷ್ಯರೂ ಕಾಣುತ್ತಾರೆ.

ಮುಚ್ಚಿದ ಬಾಗಿಲಿನ ದೇಶ

೧೬೦೦ರ ಸೆಕಿಗಹಾರಾ ಯುದ್ಧದಲ್ಲಿ ಗೆದ್ದ ತೊಕುಗಾವಾ ಇಯೆಯಾಸು ೧೬೦೩ರಲ್ಲಿ ಷೋಗನ್ ಪದವಿಯನ್ನು ಪಡೆದನು. ಕ್ಯೋಟೋ ನಗರದಲ್ಲಿ ಚಕ್ರವರ್ತಿ ಗೌರವದ ಸ್ಥಾನದಲ್ಲಿದ್ದರೂ ಆಳ್ವಿಕೆಯೆಲ್ಲವೂ ಎಡೋ ನಗರದ, ಎಂದರೆ ಇಂದಿನ ಟೋಕಿಯೋದ, ಷೋಗನ್ನನ ಕೈಯಲ್ಲಿತ್ತು. ಅವನ ಅಧೀನದಲ್ಲಿ ಸುಮಾರು ೨೬೦ ಸಂಸ್ಥಾನಗಳಿದ್ದವು. ಅವುಗಳ ಒಡೆಯರನ್ನು ದೈಮ್ಯೋ ಎಂದು ಕರೆಯುತ್ತಿದ್ದರು. ಸಂಸ್ಥಾನದ ಹಿರಿಮೆಯನ್ನು ‘ಕೊಕು’ ಎಂಬ ಅಕ್ಕಿಯ ಅಳತೆಯಿಂದ ಎಣಿಸುತ್ತಿದ್ದರು. ಒಂದು ಕೊಕು ಎಂದರೆ ಸುಮಾರು ೧೮೦ ಲೀಟರು. ಒಬ್ಬ ಮನುಷ್ಯನ ಒಂದು ವರ್ಷದ ಊಟಕ್ಕೆ ಸಾಲುವಷ್ಟೆಂದು ಲೆಕ್ಕ. ದೈಮ್ಯೋಗಳು ಸರದಿಯಂತೆ ಎಡೋದಲ್ಲಿ ವಾಸಿಸಬೇಕೆಂಬ ನಿಯಮವನ್ನು ೧೬೩೫ರಲ್ಲಿ ವಿಧಿಸಲಾಯಿತು. ಈ ಪ್ರಯಾಣ ಮತ್ತು ಎರಡೆರಡು ಮನೆವಾರ್ತೆಗಳ ವೆಚ್ಚದಿಂದ ಸಂಸ್ಥಾನಗಳ ಬೊಕ್ಕಸ ಸದಾ ಬರಿದಾಗುತ್ತಿತ್ತು.

ಪಾಶ್ಚಾತ್ಯರಲ್ಲಿ ಡಚ್ಚರಿಗೆ ಮಾತ್ರ, ಅದೂ ನಾಗಾಸಾಕಿಯ ಬಳಿಯ ದೆಜಿಮಾ ಎಂಬ ಪುಟ್ಟ ನಡುಗಡ್ಡೆಯಲ್ಲಿ ಮಾತ್ರ, ವ್ಯಾಪಾರಕ್ಕೆ ಅವಕಾಶವಿತ್ತು. ಆ ಸಣ್ಣ ಕಿಂಡಿಯಿಂದಲೇ ಡಚ್ ಭಾಷೆಯ ವೈದ್ಯಕೀಯ, ಖಗೋಳ, ಲೋಹವಿದ್ಯೆಯ ಗ್ರಂಥಗಳು ಒಳಬಂದವು. ಚೀನದಂತಹ ಮಹಾಸಾಮ್ರಾಜ್ಯವು ೧೮೪೨ರಲ್ಲಿ ಅಫೀಮು ಯುದ್ಧದಲ್ಲಿ ಬ್ರಿಟಿಷರಿಗೆ ಸೋತ ವಾರ್ತೆ ಜಪಾನಿನ ವಿಚಾರವಂತರನ್ನು ನಡುಗಿಸಿತು. ೧೮೫೩ರ ಜುಲೈ ತಿಂಗಳಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿ ನಾಲ್ಕು ಹಡಗುಗಳೊಡನೆ ಎಡೋ ಕೊಲ್ಲಿಯ ಬಾಯಿಗೆ ಬಂದು ನಿಂತನು. ಮರುವರ್ಷ ಒಪ್ಪಂದವಾಯಿತು, ೧೮೫೮ರಲ್ಲಿ ಬಂದರುಗಳನ್ನು ತೆರೆಯುವ ಅಸಮಾನ ಒಡಂಬಡಿಕೆಗಳಿಗೆ ಷೋಗನ್ನನ ಸರಕಾರ ಸಹಿ ಹಾಕಿತು. ಇಲ್ಲಿಂದ ಸಂಸ್ಥಾನಗಳ ಪೈಪೋಟಿ ತೀವ್ರವಾಯಿತು.

ಸಾಗಾ: ಗ್ರಂಥದಿಂದ ಕುಲುಮೆಗೆ

ಕ್ಯೂಷು ದ್ವೀಪದ ಸಾಗಾ ಸಂಸ್ಥಾನಕ್ಕೆ ನಾಗಾಸಾಕಿ ಬಂದರನ್ನು ಕಾಯುವ ಹೊಣೆ ಇತ್ತು. ೧೮೦೮ರಲ್ಲಿ ಫೇಟನ್ ಎಂಬ ಬ್ರಿಟಿಷ್ ಯುದ್ಧನೌಕೆಯು ಡಚ್ ಧ್ವಜವನ್ನೇರಿಸಿಕೊಂಡು ಮೋಸದಿಂದ ಬಂದರಿನೊಳಗೆ ನುಗ್ಗಿತು. ಖರ್ಚು ಉಳಿಸಲೆಂದು ಸಾಗಾದವರು ಕಾವಲು ದಳವನ್ನು ತಗ್ಗಿಸಿದ್ದುದರಿಂದ ಅದನ್ನು ತಡೆಯುವವರೇ ಇರಲಿಲ್ಲ. ಷೋಗನ್ನನ ಅಧಿಕಾರಿ ಆತ್ಮಾಹುತಿ ಮಾಡಿಕೊಂಡನು. ಸಾಗಾದ ಒಡೆಯನು ದಂಡನೆಗೆ ಗುರಿಯಾದನು. ಆ ಅವಮಾನವೇ ಮುಂದೆ ಸಂಸ್ಥಾನಕ್ಕೆ ಗುರುವಾಯಿತು.

೧೮೩೦ರಲ್ಲಿ ಪಟ್ಟಕ್ಕೆ ಬಂದ ನಬೆಷಿಮಾ ನವೊಮಾಸಾ ಮಿತವ್ಯಯದಿಂದ ಬೊಕ್ಕಸವನ್ನು ಸರಿಪಡಿಸಿ, ವಿದ್ಯೆಗಾಗಿ ಧಾರಾಳವಾಗಿ ವೆಚ್ಚಮಾಡಿದನು. ಕಬ್ಬಿಣದ ತೋಪನ್ನು ಎರಕಹೊಯ್ಯಬೇಕಾದರೆ ಇಂಧನವನ್ನು ಲೋಹಕ್ಕೆ ತಾಗಿಸದೆ, ಜ್ವಾಲೆಯ ಶಾಖವನ್ನು ಕಮಾನಿನ ಚಾವಣಿಯಿಂದ ಲೋಹದ ಮೇಲೆ ಮರಳಿಸುವ ವಿಶೇಷ ಕುಲುಮೆ ಬೇಕು. ಅಂತಹ ಕುಲುಮೆಯನ್ನು ಕಣ್ಣಾರೆ ಕಂಡವರು ಜಪಾನಿನಲ್ಲಿ ಯಾರೂ ಇರಲಿಲ್ಲ. ಇದ್ದುದು ಹ್ಯೂಗೆನಿನ್ ಎಂಬ ಡಚ್ ಅಧಿಕಾರಿ ಬರೆದ ಒಂದು ಗ್ರಂಥ ಮಾತ್ರ. ಸಾಗಾದ ಪಂಡಿತರು ಅದನ್ನು ಅನುವಾದಿಸಿದರು. ಕಮ್ಮಾರರು, ಕುಂಬಾರರು, ಗಣಿತಜ್ಞರು ಒಂದೆಡೆ ಕಲೆತು ೧೮೫೦ರಲ್ಲಿ ಕೆಲಸ ಆರಂಭಿಸಿದರು. ಪಿಂಗಾಣಿಗೆ ಹೆಸರಾದ ಆ ಸೀಮೆಯಲ್ಲಿ ಉರಿಯನ್ನು ತಾಳುವ ಇಟ್ಟಿಗೆಯ ಜ್ಞಾನವು ವಂಶಪಾರಂಪರ್ಯವಾಗಿ ಬಂದಿತ್ತು. ಎರಕವು ಮತ್ತೆ ಮತ್ತೆ ಕೆಟ್ಟಿತು. ಆದರೂ ಎರಡೇ ವರ್ಷಗಳೊಳಗೆ ಕಬ್ಬಿಣದ ತೋಪು ಸಿದ್ಧವಾಯಿತು. ಪೆರಿ ಬಂದು ಹೋದ ಮೇಲೆ ಸ್ವತಃ ಷೋಗನ್ನನ ಸರಕಾರವೇ ಎಡೋ ಕೊಲ್ಲಿಯ ಕೋಟೆಗಳಿಗಾಗಿ ಸಾಗಾದಿಂದ ತೋಪುಗಳನ್ನು ತರಿಸಬೇಕಾಯಿತು.

೧೮೫೨ರಲ್ಲಿ ಸ್ಥಾಪನೆಯಾದ ಸಂಸ್ಥಾನದ ಪ್ರಯೋಗಾಲಯದಲ್ಲಿ ತನಾಕಾ ಹಿಸಷಿಗೆ ಎಂಬ ಯಂತ್ರಕುಶಲಿ ಸೇರಿದನು. ಗೊಂಬೆಗಳನ್ನೂ ಗಡಿಯಾರಗಳನ್ನೂ ಮಾಡುತ್ತಿದ್ದ ಆತನ ಬಳಗವು ಉಗಿಬಂಡಿಯ ಸಣ್ಣ ಮಾದರಿಯೊಂದನ್ನು ಓಡಿಸಿತು; ೧೮೬೫ರಲ್ಲಿ ‘ರ್ಯೋಫು ಮಾರು’ ಎಂಬ ಉಗಿಹಡಗನ್ನು ಸಂಸ್ಥಾನವು ನೀರಿಗಿಳಿಸಿತು. ಆತನೇ ೧೮೭೫ರಲ್ಲಿ ಟೋಕಿಯೋದಲ್ಲಿ ತೆರೆದ ಕಾರ್ಖಾನೆಯು ಮುಂದೆ ಬೆಳೆದು ತೋಷಿಬಾ ಆಯಿತು.

ನವೀಕರಣವೆಂದರೆ ತೋಪು ಮಾತ್ರವೆಂದು ನವೊಮಾಸಾ ಭಾವಿಸಲಿಲ್ಲ. ೧೮೪೯ರಲ್ಲಿ ಡಚ್ಚರ ಮೂಲಕ ಸಿಡುಬಿನ ಲಸಿಕೆ ನಾಗಾಸಾಕಿಗೆ ಬಂದಾಗ ಜನ ಅದಕ್ಕೆ ಅಂಜುತ್ತಿದ್ದರು. ಆತನು ತನ್ನ ಸ್ವಂತ ಮಗನಿಗೇ ದೇವಿ ಹಾಕಿಸಿದನು. ಪ್ರಜೆಗಳ ಅಂಜಿಕೆಯನ್ನು ಆಜ್ಞೆಯಿಂದ ನೀಗಿಸದೆ ಆಚರಣೆಯಿಂದ ನೀಗಿಸಿದ ಈ ನಡತೆಯು ಆಟದ ಯಾವ ಗುಂಡಿಯನ್ನು ಒತ್ತಿದರೂ ದೊರೆಯುವಂತಹುದಲ್ಲ.

ಸತ್ಸುಮಾ: ಸಕ್ಕರೆಯ ಹಣ, ಸೋಲಿನ ಪಾಠ

ಜಪಾನಿನ ದಕ್ಷಿಣದ ತುದಿಯಲ್ಲಿದ್ದ ಸತ್ಸುಮಾ ೭,೭೦,೦೦೦ ಕೊಕುಗಳ ಮಹಾಸಂಸ್ಥಾನ. ಅಲ್ಲಿನ ಜನರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಸಮುರಾಯಿಗಳೇ ಆಗಿದ್ದುದರಿಂದ ಹಿರಿಮೆ ಎಷ್ಟಿತ್ತೋ ಸಾಲವೂ ಅಷ್ಟೇ ಇತ್ತು. ಜುಷೊ ಹಿರೊಸಾತೊ ಎಂಬ ಮಂತ್ರಿಯು ೫೦ ಲಕ್ಷ ರ್ಯೋ ಸಾಲವನ್ನು ಬಡ್ಡಿಯಿಲ್ಲದೆ ೨೫೦ ವರ್ಷಗಳಲ್ಲಿ ತೀರಿಸುವುದಾಗಿ ಸಾಲಿಗರನ್ನು ಬಲವಂತದಿಂದ ಒಪ್ಪಿಸಿದನು. ಅಮಾಮಿ ದ್ವೀಪಗಳಲ್ಲಿ ಬೆಳೆಯುತ್ತಿದ್ದ ಕಬ್ಬಿನ ಬೆಲ್ಲದಂತಹ ಕರಿ ಸಕ್ಕರೆಯ ವ್ಯಾಪಾರವನ್ನು ಸಂಸ್ಥಾನದ ಏಕಸ್ವಾಮ್ಯವಾಗಿಸಿದನು. ದ್ವೀಪದ ರೈತನು ತಾನು ಬೆಳೆದ ಸಕ್ಕರೆಯನ್ನು ಗುಟ್ಟಾಗಿ ಮಾರಿದರೆ ಘೋರ ಶಿಕ್ಷೆ ಕಾದಿತ್ತು. ಅನ್ನದ ಬೆಳೆಗೆ ನೆಲ ಉಳಿಯಲಿಲ್ಲ. ಸಾಲ ತೀರಿಸಲಾಗದೆ ಅನೇಕರು ಜೀತಕ್ಕೆ ಬಿದ್ದರು. ಸತ್ಸುಮಾದ ಕುಲುಮೆಗಳಲ್ಲಿ ಉರಿದ ಬೆಂಕಿಗೆ ಈ ಬಡವರ ಬೆವರೇ ಎಣ್ಣೆಯಾಯಿತು.

೧೮೫೧ರಲ್ಲಿ ಪಟ್ಟವೇರಿದ ಷಿಮಾಜು ನರಿಯಾಕಿರಾ ಆ ಸಂಪತ್ತಿನಿಂದ ಕಾಗೋಷಿಮಾ ನಗರದ ಬಳಿ ‘ಷೂಸೈಕಾನ್’ ಎಂಬ ಕಾರ್ಖಾನೆಗಳ ಸಮುಚ್ಚಯವನ್ನು ಕಟ್ಟಿಸಿದನು. ತೋಪಿನ ಎರಕ, ಹಡಗು ನಿರ್ಮಾಣ, ಗಾಜು, ತಂತಿಯ ಸಂದೇಶ, ಅನಿಲದ ದೀಪ ಮೊದಲಾದ ಕೆಲಸಗಳಲ್ಲಿ ಸಾವಿರಕ್ಕೂ ಮಿಕ್ಕು ಜನ ಅಲ್ಲಿ ತೊಡಗಿದ್ದರು. ಆತನು ೧೮೫೮ರಲ್ಲಿ ಅಕಾಲ ಮರಣವನ್ನಪ್ಪಿದನು.

೧೮೬೨ರಲ್ಲಿ ಯೊಕೊಹಾಮಾದ ಬಳಿಯ ನಮಾಮುಗಿ ಗ್ರಾಮದಲ್ಲಿ ಸತ್ಸುಮಾದ ಮೆರವಣಿಗೆಗೆ ಅಡ್ಡ ಬಂದ ರಿಚರ್ಡ್‌ಸನ್ ಎಂಬ ಆಂಗ್ಲ ವರ್ತಕನನ್ನು ಸಮುರಾಯಿಗಳು ಕಡಿದುಹಾಕಿದರು. ಸಂಸ್ಥಾನವು ಪರಿಹಾರ ಕೊಡಲೊಪ್ಪಲಿಲ್ಲ. ೧೮೬೩ರ ಆಗಸ್ಟಿನಲ್ಲಿ ಬ್ರಿಟಿಷ್ ನೌಕಾದಳವು ಕಾಗೋಷಿಮಾದ ಮೇಲೆ ಗುಂಡಿನ ಮಳೆಗರೆಯಿತು. ಸತ್ಸುಮಾದ ತೋಪುಗಳು ದಳದ ಮುಖ್ಯ ನೌಕೆಯ ಕಪ್ತಾನನನ್ನು ಬಲಿ ತೆಗೆದುಕೊಂಡವು; ಆದರೆ ನಗರದ ಒಂದು ಭಾಗವೂ ಷೂಸೈಕಾನ್ ಕಾರ್ಖಾನೆಗಳೂ ಸುಟ್ಟು ಬೂದಿಯಾದವು.

ಇಲ್ಲಿಯೇ ಸತ್ಸುಮಾದ ವಿವೇಕ ಪ್ರಕಟವಾಯಿತು. ಸೋಲನ್ನು ಹಗೆಯಾಗಿ ಬೆಳೆಸದೆ, ಹೊಡೆದವನ ಬಳಿಯಲ್ಲಿಯೇ ವಿದ್ಯೆ ಕಲಿಯಲು ಅದು ಮುಂದಾಯಿತು. ಪರಿಹಾರದ ಸಂಧಾನದ ನಡುವೆಯೇ ಬ್ರಿಟಿಷರಿಂದ ಹಡಗು ಕೊಳ್ಳುವ ಮಾತು ನಡೆಯಿತು. ವಿದೇಶ ಪ್ರಯಾಣಕ್ಕೆ ಷೋಗನ್ನನ ನಿಷೇಧವಿದ್ದರೂ ೧೮೬೫ರಲ್ಲಿ ಸಂಸ್ಥಾನವು ೧೯ ಜನರನ್ನು ಹೆಸರು ಬದಲಿಸಿ ಗುಟ್ಟಾಗಿ ಇಂಗ್ಲೆಂಡಿಗೆ ಕಳುಹಿಸಿತು. ಅವರಲ್ಲೊಬ್ಬ ತರುಣ ಮೊರಿ ಅರಿನೊರಿ ೧೮೮೫ರಲ್ಲಿ ಜಪಾನಿನ ಮೊದಲ ಶಿಕ್ಷಣ ಮಂತ್ರಿಯಾದನು. ೧೮೬೭ರಲ್ಲಿ ಇಂಗ್ಲೆಂಡಿನ ಯಂತ್ರಗಳಿಂದ ಕಾಗೋಷಿಮಾದಲ್ಲಿ ನಡೆಯತೊಡಗಿದ ನೂಲಿನ ಗಿರಣಿಯು ಜಪಾನಿನ ಮೊದಲ ಪಾಶ್ಚಾತ್ಯ ಮಾದರಿಯ ಗಿರಣಿ.

ಚೋಷು: ರೈತನ ಹೆಗಲಿಗೆ ಬಂದೂಕು

ಹೊನ್ಷು ದ್ವೀಪದ ಪಶ್ಚಿಮದ ತುದಿಯ ಚೋಷು ಸಂಸ್ಥಾನವು ವಿದೇಶೀಯರನ್ನು ಹೊಡೆದಟ್ಟಬೇಕೆಂಬ ಆವೇಶದಲ್ಲಿ ಎಲ್ಲರಿಗಿಂತ ಮುಂದಿತ್ತು. ೧೮೬೩ರಲ್ಲಿ ಅದು ಷಿಮೊನೊಸೆಕಿ ಜಲಸಂಧಿಯಲ್ಲಿ ಹಾಯುತ್ತಿದ್ದ ವಿದೇಶೀ ಹಡಗುಗಳ ಮೇಲೆ ಗುಂಡು ಹಾರಿಸಿತು. ವಿಚಿತ್ರವೆಂದರೆ, ಅದೇ ವರ್ಷ ಅದೇ ಸಂಸ್ಥಾನವು ಐವರು ತರುಣರನ್ನು ಗುಟ್ಟಾಗಿ ಲಂಡನ್ನಿಗೆ ಓದಲು ಕಳುಹಿಸಿತು. ಅವರಲ್ಲಿ ಇತೋ ಹಿರೊಬುಮಿ ಮತ್ತು ಇನೌಯೆ ಕವೊರು ಎಂಬಿಬ್ಬರು ಅಲ್ಲಿನ ಬಲವನ್ನು ಕಣ್ಣಾರೆ ಕಂಡು, ಯುದ್ಧ ಬೇಡವೆಂದು ತಿಳಿಹೇಳಲು ೧೮೬೪ರಲ್ಲಿ ಧಾವಿಸಿ ಬಂದರು. ಅವರ ಮಾತು ನಡೆಯಲಿಲ್ಲ. ಬ್ರಿಟನ್, ಫ್ರಾನ್ಸ್, ಹಾಲೆಂಡ್, ಅಮೆರಿಕ ಈ ನಾಲ್ಕು ರಾಷ್ಟ್ರಗಳ ನೌಕಾದಳವು ಚೋಷುವಿನ ಕೋಟೆಗಳನ್ನು ಧ್ವಂಸಮಾಡಿತು. ಆಗ ಕಡೆಗಣಿಸಲ್ಪಟ್ಟ ಇತೋ ೧೮೮೫ರಲ್ಲಿ ಜಪಾನಿನ ಪ್ರಥಮ ಪ್ರಧಾನಮಂತ್ರಿಯಾದನು.

ಚೋಷುವಿನ ದೊಡ್ಡ ನವೀಕರಣವು ಆಯುಧದಲ್ಲಿ ಆದುದಕ್ಕಿಂತ ಹೆಚ್ಚಾಗಿ ಮನುಷ್ಯರ ಎಣಿಕೆಯಲ್ಲಿ ಆಯಿತು. ತಲತಲಾಂತರದಿಂದ ಆಯುಧ ಹಿಡಿಯುವ ಹಕ್ಕು ಸಮುರಾಯಿಗೆ ಮಾತ್ರ ಇತ್ತು. ೧೮೬೩ರಲ್ಲಿ ತಕಾಸುಗಿ ಷಿನ್ಸಾಕು ಕಟ್ಟಿದ ‘ಕಿಹೈತಾಯ್’ ಎಂಬ ದಳದಲ್ಲಿ ಕೆಳದರ್ಜೆಯ ಸಮುರಾಯಿಗಳೊಡನೆ ರೈತರೂ ಪಟ್ಟಣಿಗರೂ ಸೇರಿದರು. ಖಡ್ಗವಿದ್ಯೆಗೆ ಬಾಲ್ಯದಿಂದ ಸಾಧನೆ ಬೇಕು. ಬಂದೂಕಿಗೆ ಕೆಲವು ತಿಂಗಳ ಶಿಸ್ತು ಸಾಕು. ಹೊಸ ಮಿನ್ಯೇ ಬಂದೂಕಿನ ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳಿದ್ದುದರಿಂದ ಗುಂಡು ತಿರುಗುತ್ತ ಹಾರಿ, ಹಳೆಯ ಬತ್ತಿಕೋವಿಗಿಂತ ಬಹುದೂರದ ಗುರಿಯನ್ನು ತಾಗುತ್ತಿತ್ತು. ಹುಟ್ಟಿನ ಹೆಮ್ಮೆಗೆ ಬಂದೂಕು ಬೆಲೆ ಕೊಡಲಿಲ್ಲ.

ಚೋಷುವಿಗೆ ನೇರವಾಗಿ ಆಯುಧ ಕೊಳ್ಳುವ ದಾರಿ ಮುಚ್ಚಿತ್ತು. ೧೮೬೪ರಲ್ಲಿ ಕ್ಯೋಟೋ ಅರಮನೆಯ ದ್ವಾರದಲ್ಲಿ ತನ್ನ ವಿರುದ್ಧವೇ ಕಾದಿದ್ದ ಸತ್ಸುಮಾದ ಹೆಸರಿನಲ್ಲಿ ಅದು ೧೮೬೫ರಲ್ಲಿ ನಾಗಾಸಾಕಿಯ ಗ್ಲೋವರ್ ಎಂಬ ವರ್ತಕನಿಂದ ೭,೦೦೦ಕ್ಕೂ ಹೆಚ್ಚು ಬಂದೂಕುಗಳನ್ನು ತರಿಸಿಕೊಂಡಿತು. ತೋಸಾ ಸಂಸ್ಥಾನದ ಸಕಾಮೊತೊ ರ್ಯೋಮಾನ ಮಧ್ಯಸ್ಥಿಕೆಯಿಂದ ೧೮೬೬ರ ಮಾರ್ಚಿಯಲ್ಲಿ ಈ ಎರಡು ಬದ್ಧವೈರಿ ಸಂಸ್ಥಾನಗಳು ಗುಟ್ಟಾಗಿ ಕೈಜೋಡಿಸಿದವು. ಅದೇ ಬೇಸಗೆಯಲ್ಲಿ ದಂಡೆತ್ತಿ ಬಂದ ಷೋಗನ್ನನ ಮಹಾಸೇನೆಯು ಒಂದೇ ಒಂದು ಸಂಸ್ಥಾನದೆದುರು ಹಿಮ್ಮೆಟ್ಟಿತು. ಆ ವರ್ಷವೇ ಅಕ್ಕಿಯ ಬೆಲೆ ಏರಿ ಒಸಾಕಾ, ಎಡೋ ನಗರಗಳಲ್ಲಿ ಹಸಿದ ಜನ ಅಂಗಡಿಗಳನ್ನು ಒಡೆದರು. ಆಟದಲ್ಲಿ ಕೆಂಪು ಅಂಕಿಯಾಗಿ ಕಾಣುವ ಅಸಮಾಧಾನದ ನಿಜವಾದ ಮುಖ ಅದು.

ಸೋತವರೂ ಹೊಸತನ್ನು ಬಲ್ಲವರೇ

ಗೆದ್ದವರು ನವೀನರು, ಸೋತವರು ಹಳೆಗಾಲದವರು ಎಂದು ಭಾವಿಸುವುದು ಸುಲಭ. ಆದರೆ ಅದು ಸರಿಯಲ್ಲ. ಷೋಗನ್ನನ ಸರಕಾರವು ೧೮೬೦ರಲ್ಲಿ ‘ಕನ್ರಿನ್ ಮಾರು’ ಎಂಬ ಉಗಿಹಡಗನ್ನು ಶಾಂತಸಾಗರದಾಚೆಗೆ ಕಳುಹಿಸಿತ್ತು. ೧೮೬೫ರಲ್ಲಿ ಫ್ರಾನ್ಸಿನ ನೆರವಿನಿಂದ ಯೊಕೊಸುಕಾದಲ್ಲಿ ನೌಕಾ ಕಾರ್ಖಾನೆಯನ್ನು ಆರಂಭಿಸಿತ್ತು. ೧೮೬೭ರಲ್ಲಿ ಫ್ರೆಂಚ್ ಸೇನಾಧಿಕಾರಿಗಳು ಅದರ ಸೈನ್ಯಕ್ಕೆ ತರಬೇತಿ ಕೊಡುತ್ತಿದ್ದರು. ಆದರೆ ಅಷ್ಟು ದೊಡ್ಡ ವ್ಯವಸ್ಥೆಯನ್ನು ತಿದ್ದಲು ಬೇಕಾದ ಕಾಲ ಅದಕ್ಕೆ ಒದಗಲಿಲ್ಲ. ೧೮೬೭ರ ನವೆಂಬರಿನಲ್ಲಿ ಕೊನೆಯ ಷೋಗನ್ ಯೊಷಿನೊಬು ಅಧಿಕಾರವನ್ನು ಚಕ್ರವರ್ತಿಗೆ ಒಪ್ಪಿಸಿದನು. ೧೮೬೮ರ ಜನವರಿಯಲ್ಲಿ ತೊಬಾ ಮತ್ತು ಫುಷಿಮಿಯಲ್ಲಿ ಯುದ್ಧ ಆರಂಭವಾಯಿತು.

ಷೋಗನ್ನನಿಗೆ ನಿಷ್ಠವಾಗಿದ್ದ ಐಜು ಸಂಸ್ಥಾನವು ಆ ವರ್ಷದ ಶರತ್ಕಾಲದಲ್ಲಿ ಮುತ್ತಿಗೆಗೆ ಸಿಕ್ಕಿತು. ‘ಬ್ಯಾಕ್ಕೊತಾಯ್’ ಎಂಬ ಹದಿಹರೆಯದ ಹುಡುಗರ ದಳದ ೧೯ ಮಂದಿ, ಇಮೊರಿ ಬೆಟ್ಟದಿಂದ ಹೊಗೆಯನ್ನು ಕಂಡು ಕೋಟೆ ಬಿದ್ದಿತೆಂದು ತಪ್ಪಾಗಿ ತಿಳಿದು ಪ್ರಾಣ ಕಳೆದುಕೊಂಡರು. ಕೋಟೆ ಇನ್ನೂ ಬಿದ್ದಿರಲಿಲ್ಲ. ಒಳಗೆ ಯಮಾಮೊತೊ ಯಯೆ ಎಂಬ ತರುಣಿ ಸ್ಪೆನ್ಸರ್ ಬಂದೂಕು ಹಿಡಿದು ಹೋರಾಡುತ್ತಿದ್ದಳು. ಎಂಟು ವರ್ಷದ ಯಮಾಕಾವಾ ಸುತೆಮಾತ್ಸು ಎಂಬ ಬಾಲಕಿಯೂ ಆ ಕೋಟೆಯಲ್ಲಿದ್ದಳು. ಶರಣಾದ ಮೇಲೆ ಐಜುವಿನ ಅನೇಕ ಕುಟುಂಬಗಳನ್ನು ಉತ್ತರದ ಬಂಜರು ಸೀಮೆಗೆ ಅಟ್ಟಲಾಯಿತು. ಅಲ್ಲಿ ಚಳಿ ಮತ್ತು ಹಸಿವಿನಿಂದ ಅನೇಕರು ಸತ್ತರು.

ಆಟದಲ್ಲಿ ಸೋತ ಮನೆತನವು ನಕಾಶೆಯಿಂದ ಅಳಿಸಿಹೋಗುತ್ತದೆ. ಇತಿಹಾಸದಲ್ಲಿ ಹಾಗಾಗಲಿಲ್ಲ. ಸುತೆಮಾತ್ಸು ೧೮೭೧ರಲ್ಲಿ ಸರಕಾರದ ವಿದ್ಯಾರ್ಥಿನಿಯಾಗಿ ಅಮೆರಿಕಕ್ಕೆ ಹೋಗಿ, ೧೮೮೨ರಲ್ಲಿ ವಾಸರ್ ಕಾಲೇಜಿನ ಪದವೀಧರೆಯಾಗಿ ಮರಳಿದಳು. ಅವಳ ಅಣ್ಣ ಕೆಂಜಿರೋ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ ಭೌತವಿಜ್ಞಾನಿಯಾಗಿ, ೧೯೦೧ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಅಧ್ಯಕ್ಷನಾದನು. ಖಡ್ಗ ಕಳೆದುಕೊಂಡ ಮನೆತನವನ್ನು ಪುಸ್ತಕ ಎತ್ತಿಹಿಡಿಯಿತು.

ಗೆದ್ದವರು ಕಳೆದುಕೊಂಡುದು

೧೮೬೯ರ ಜೂನಿನಲ್ಲಿ ಹಾಕೊದಾತೆಯಲ್ಲಿ ಯುದ್ಧ ಮುಗಿಯಿತು. ಆಟವು ಒಬ್ಬನ ವಿಜಯದಿಂದ ಮುಗಿಯುವಲ್ಲಿ ಇತಿಹಾಸದ ಅತ್ಯಂತ ಗಂಭೀರವಾದ ಅಧ್ಯಾಯ ಮೊದಲಾಗುತ್ತದೆ. ೧೮೭೧ರಲ್ಲಿ ಹೊಸ ಸರಕಾರವು ಎಲ್ಲ ಸಂಸ್ಥಾನಗಳನ್ನೂ ರದ್ದುಗೊಳಿಸಿತು. ಗೆದ್ದ ಸತ್ಸುಮಾ, ಚೋಷುಗಳೂ ಉಳಿಯಲಿಲ್ಲ. ೧೮೭೨ರಲ್ಲಿ ಶಿಕ್ಷಣದ ಶಾಸನ ಬಂದಿತು. ಅದೇ ವರ್ಷ ಟೋಕಿಯೋ ಮತ್ತು ಯೊಕೊಹಾಮಾಗಳ ನಡುವೆ ಮೊದಲ ರೈಲುಬಂಡಿ ಓಡಿತು. ೧೮೭೩ರಲ್ಲಿ ಕಡ್ಡಾಯ ಸೇನಾಸೇವೆ ಜಾರಿಗೆ ಬಂದಿತು. ತೆರಿಗೆಯ ಜೊತೆಗೆ ಮಗನನ್ನೂ ಕೊಡಬೇಕಾಗಿ ಬಂದ ರೈತರು ಹಲವೆಡೆ ದಂಗೆಯೆದ್ದರು. ವೆಚ್ಚದ ಭಾರ ತಾಳದೆ ಕೆಲವೆಡೆ ಹೊಸ ಶಾಲೆಗಳಿಗೂ ಬೆಂಕಿಯಿಟ್ಟರು. ೧೮೭೬ರಲ್ಲಿ ಸಮುರಾಯಿಯ ಸೊಂಟದಿಂದ ಖಡ್ಗವನ್ನು ಬಿಚ್ಚಿಸಲಾಯಿತು. ಅವನ ವಂಶಪಾರಂಪರ್ಯದ ವೇತನವನ್ನು ಸಾಲಪತ್ರಗಳಾಗಿ ಬದಲಿಸಿ ಕೈತೊಳೆದುಕೊಳ್ಳಲಾಯಿತು.

ತಮ್ಮ ವರ್ಗದ ಬಲದಿಂದ ಗೆದ್ದವರೇ ತಮ್ಮ ವರ್ಗವನ್ನು ಕೊನೆಗಾಣಿಸಿದ ಈ ಉದಾಹರಣೆ ಜಗತ್ತಿನ ಚರಿತ್ರೆಯಲ್ಲಿ ವಿರಳ. ಅದು ನೋವಿಲ್ಲದೆ ಆಗಲಿಲ್ಲ. ೧೮೭೪ರಲ್ಲಿ ಸಾಗಾದಲ್ಲಿ ದಂಗೆಯಾಯಿತು. ೧೮೭೭ರಲ್ಲಿ ಸತ್ಸುಮಾದ ಸೈಗೋ ತಕಾಮೊರಿ, ತಾನೇ ಕಟ್ಟಲು ನೆರವಾದ ಸರಕಾರದ ವಿರುದ್ಧ ಸಮುರಾಯಿಗಳ ಕೊನೆಯ ಬಂಡಾಯದ ನಾಯಕನಾಗಿ, ಸೆಪ್ಟೆಂಬರ್ ೨೪ರಂದು ಕಾಗೋಷಿಮಾದ ಬೆಟ್ಟದ ಮೇಲೆ ಮಡಿದನು. ಅವನನ್ನು ಸೋಲಿಸಿದ ಸೈನ್ಯದಲ್ಲಿದ್ದವರು ಬಹುಪಾಲು ಹೊಸದಾಗಿ ಸೇರಿಸಲ್ಪಟ್ಟ ಸಾಮಾನ್ಯ ರೈತಮಕ್ಕಳು.

ನೂರು ಮೂಟೆ ಅಕ್ಕಿ

ನಾಗಾವೋಕಾ ೭೪,೦೦೦ ಕೊಕುಗಳ ಸಣ್ಣ ಸಂಸ್ಥಾನ. ಅದರ ಮಂತ್ರಿ ಕವಾಯಿ ತ್ಸುಗುನೊಸುಕೆ ಬಹು ದಕ್ಷ. ಒಂದೇ ಸಮನೆ ಗುಂಡುಗರೆಯುವ ಗ್ಯಾಟ್ಲಿಂಗ್ ತೋಪುಗಳೆರಡನ್ನು ಕೊಂಡು ತಂದಿದ್ದನು. ಯಾವ ಪಕ್ಷಕ್ಕೂ ಸೇರದೆ ಉಳಿಯುವ ಅವನ ಯತ್ನ ವಿಫಲವಾಗಿ, ೧೮೬೮ರಲ್ಲಿ ಸಂಸ್ಥಾನವು ಯುದ್ಧಕ್ಕೆ ಸಿಕ್ಕಿತು. ಕೋಟೆ ಬಿದ್ದಿತು, ನಗರ ಸುಟ್ಟಿತು, ಕವಾಯಿ ಗಾಯದಿಂದ ಸತ್ತನು. ಸಂಸ್ಥಾನದ ಆದಾಯವನ್ನು ೨೪,೦೦೦ ಕೊಕುಗಳಿಗೆ ಇಳಿಸಲಾಯಿತು. ಮನೆಮನೆಯಲ್ಲೂ ಗಂಜಿಗೆ ತತ್ವಾರವಾಯಿತು.

೧೮೭೦ರಲ್ಲಿ ನೆರೆಯ ಬಂಧು ಸಂಸ್ಥಾನವಾದ ಮಿನೆಯಾಮಾ ನೂರು ಮೂಟೆ ಅಕ್ಕಿಯನ್ನು ನೆರವಾಗಿ ಕಳುಹಿಸಿತು. ಹಸಿದ ಸಮುರಾಯಿಗಳು ಅದನ್ನು ಒಡನೆಯೇ ಹಂಚಬೇಕೆಂದು ಒತ್ತಾಯಿಸಿದರು. ಆಗ ಆಡಳಿತ ನೋಡುತ್ತಿದ್ದ ಕೊಬಾಯಾಷಿ ತೊರಾಸಾಬುರೋ ಒಪ್ಪಲಿಲ್ಲ. ಹಂಚಿದರೆ ತಲೆಗೆ ಕೆಲವು ಹಿಡಿ ಬಂದು ಎರಡು ದಿನಗಳಲ್ಲಿ ತೀರಿಹೋಗುವುದು, ಊರಿನಲ್ಲಿ ಯೋಗ್ಯ ಮನುಷ್ಯರಿಲ್ಲದುದರಿಂದಲೇ ಈ ಗತಿ ಬಂದಿತು, ಆದುದರಿಂದ ಮಕ್ಕಳನ್ನು ಓದಿಸಬೇಕು ಎಂಬುದು ಆತನ ವಾದ. ಅಕ್ಕಿಯನ್ನು ಮಾರಿದ ಹಣ ಶಾಲೆಗೆ ಹೋಯಿತು. ಆ ಶಾಲೆಯಲ್ಲಿ ಸಮುರಾಯಿಗಳ ಮಕ್ಕಳೊಡನೆ ರೈತರ, ಪಟ್ಟಣಿಗರ ಮಕ್ಕಳಿಗೂ ಪ್ರವೇಶ ದೊರೆಯಿತು.

ಈ ನಿರ್ಣಯವು ನಿಷ್ಠುರವಾದುದು. ಹಸಿದವನ ಎದುರು ಅಕ್ಕಿಯನ್ನು ಇಟ್ಟುಕೊಂಡು ಬೇಡವೆನ್ನುವುದಕ್ಕೆ ಎದೆಗಾರಿಕೆ ಬೇಕು; ಆ ಮಾತನ್ನು ಕೇಳಿ ಖಾಲಿ ಕೈಯಲ್ಲಿ ಮನೆಗೆ ಮರಳಿದವರಿಗೆ ಅದಕ್ಕೂ ಹೆಚ್ಚಿನ ತಾಳ್ಮೆ ಬೇಕು. ಬೆಲೆಯನ್ನು ಯಾರು ತೆರಬೇಕೆಂಬ ಪ್ರಶ್ನೆಗೆ ಅಮಾಮಿ ದ್ವೀಪದ ರೈತನಿಂದ ಬಲಾತ್ಕಾರವಾಗಿ ವಸೂಲು ಮಾಡಿದ ಉತ್ತರ ಒಂದು. ಆಳುವ ವರ್ಗವೇ ತನ್ನ ತುತ್ತನ್ನು ಬಿಟ್ಟುಕೊಟ್ಟು ಎಲ್ಲರ ಮಕ್ಕಳಿಗೆ ಬಾಗಿಲು ತೆರೆದ ಉತ್ತರ ಇನ್ನೊಂದು. ನವೀಕರಣವೆಂಬ ಒಂದೇ ಪದವು ಇವೆರಡನ್ನೂ ಒಳಗೊಂಡಿದೆ.

ಮೂರು ದಶಕಗಳೂ ಕಳೆಯುವ ಮುನ್ನ, ೧೮೯೮ರಲ್ಲಿ, ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಜಪಾನಿಗೆ ಹೋದಾಗ ಕಂಡುದು ಶಾಲೆ ಮತ್ತು ಕೈಗಾರಿಕೆಗಳು ಜೊತೆಜೊತೆಯಾಗಿ ಬೆಳೆಯುತ್ತಿದ್ದ ದೇಶವನ್ನು. ತರುಣರು ಗಣಕಯಂತ್ರದ ಮುಂದೆ ಕುಳಿತು ಸತ್ಸುಮಾವನ್ನೋ ಐಜುವನ್ನೋ ಆಡುವಾಗ ತೋಪು, ಹಡಗು, ರೈಲುಗಳನ್ನು ಕಟ್ಟುವುದು ಸಹಜ. ಗೆಲ್ಲಲು ಅವು ಬೇಕೇ ಬೇಕು. ನಾಗಾವೋಕಾದ ಎರಡು ಗ್ಯಾಟ್ಲಿಂಗ್ ತೋಪುಗಳು ಆ ನಗರವನ್ನು ಉಳಿಸಲಿಲ್ಲ. ನೂರು ಮೂಟೆ ಅಕ್ಕಿಯ ಹಣದಿಂದ ನಡೆದ ಶಾಲೆಯು ಅಲ್ಲಿನ ಮಕ್ಕಳ ಬಾಳನ್ನು ರೂಪಿಸಿತು.